ನೀವು ಮಲಗಿದ್ದರ

ಖಡಕಿ ಬಜಾರದಾಗ ನನ್ನ ಅಂಗಡಿ. ಅಂಗಡಿ ಅಂದರ
ಪಾವಟಿಗಿಯ ಬುಡ, ಒಂದು ಹೊಲಿಗಿ ಮಿಷನ್ನು,
ಗುಂಡಿ ತುಂಬಿದ ಬಿಸ್ಕೀಟ ಡಬ್ಬಿ.
ಇಲ್ಲಿಗೇ ಬಂದಿದ್ದ ಫರಾಯಿ, ಫಾರ್ಮಸಿ ಓದೂ ಹುಡುಗ,
ಪ್ಯಾಂಟು ಉದ್ದ ಮಾಡಿಸಲಿಕ್ಕೆ.
ಮಡಿಕಿ ಪೂರಾ ಬಿಚ್ಚಿದರೂ ನಾಕು ಬಟ್ಟು ಕಡಿಮಿ.
ಭಾಗ್ಯವಂತಿ ಟೇಪು ಹಿಡಿದು ಕೂತಿದ್ದಳು.
ಉಳಿದದ್ದು ನೀವೇ ತಿಳಕೊಳ್ಳಿರಿ.

ಏಳು ವರ್ಷದಾಗ ನನ್ನ ತಮ್ಮ ಎರಡೇ ಸಲ ಬಂದಾನ.

ಈಗ ನಾನು ಪಾಠ ಕಲೀತೀನಿ.
ಗುರು ಅಳಿಯ. ಪಾಟಿ, ಬ್ಲೌಜಿನ ಅಸ್ತರು.
ಕಂಕುಳ ಗೆರಿ ಪಕ್ಕ ಬಿಳೇ ಚಾಕಿನಾಗ ಬರಕೊಂಡೀನಿ:
ಮಾಂಗ್ವನಾನಿ, ಮುಂಜಾನೆದು.
ಕುತ್ತಿಗಿ ಇಳಕಲಿಗೆ ಮಸಿಕಾತಿ, ಮಧ್ಯಾಹ್ನದ್ದು.
ತೋಳಿನ ತುದಿಗೆ ಮನ್ಹೇರು, ಸಂಜಿಗೆ.
ಹಿಂಗಾಗಿ ಶಿತೋಳೆ ಬಾಯಿಯ ಜರತಾರಿ ಬ್ಲೌಜಿನ ಒಳಗ
ಇನ್ನೂ ಒಂದು ಮಧ್ಯಾಹ್ನ ಐತಿ.
ಒಗದರ ಹೋದೀತು.

ಬರೇ ಮಾಂಗ್ವನಾನಿ ಸಾಲೂದಿಲ್ಲ ಅವ್ವಾ, ಅಂದ.
ಮುಂದ ಕೇಳಬೇಕು: ಮರಾರ ಹೆರೆ? ನಿದ್ದಿ ಆತೇನ್ರೀ?
ಅವರು ಅಂತಾರ: ನ್ದರಾರ ಕನ ಮರಾರವೋ.
ನೀವು ಮಲಗಿದ್ದರ ನಾನೂ ಮಲಗೀನಿ.

ಹಿಂಗೂ ಒಂದು ಮಾತಿರತದೇನು!
ನಾವು ಊಟ ಕೇಳೂ ಮಂದಿ. ಹಾದ್ಯಾಗ ಕಂಡವರಿಗೂ
ಊಟಾತಿ? ಚಾ ಆತಿ?
ನಿದ್ದಿ ಕೇಳೂದು ಜ್ವರ ಬಂದವರಿಗೆ ಅಷ್ಟ.
ಆರಾಮದೀರಿ ಅಂದರ ಹೂಂ ಅಂದು ದಾಟಿ ಹೋಗತೀವಿ,
ಕೇಳಿದವರು ಆರಾಮಿದ್ದರೇನು, ಬಿಟ್ಟರೇನು.
ಇವರದು ಸರಪಳಿ ಹೊಲಿಗಿ.
ಇಲ್ಲೊಂದು ಎಳಿ ಜಗ್ಗಿದರ
ಅಲ್ಲಿ ಒಬ್ಬರ ನಿದ್ದಿ ಬಿಚ್ಚತದ.

ನ್ದ ಅನ್ನೂದು ನಾಲಿಗಿಗೆ ಬರವಲ್ಲದು.
ಮೂಗಿನಿಂದ ಎತ್ತು ಅವ್ವಾ, ಅಂತಾನ.
ಒಂದಿನ ತುಟಿಯಾಗ ಗುಂಡಪಿನ್ನು ಕಚ್ಚಿಕೊಂಡು ಅಂದೆ,
ತಾನಾಗೇ ಬಂತು.

ಚಪ್ಪಾಳಿನೂ ಕಲಿಸಿದ. ಅಂಗೈ ಸಪಾಟು, ಬೆರಳಿಗೆ ಬೆರಳು.
ಭಾಗ್ಯಾ ಹೊಟ್ಟಿ ಹಿಡಕೊಂಡು ನಕ್ಕಳು. ಆಗ ಆಕಿಗೆ ಏಳು ತಿಂಗಳು.
ಅಯ್ಯ, ಅದು ಗಂಡಸರದು!
ಅವ ನಾಚಿದ. ತನ್ನ ತಾಯಿನ್ನ ನೆನಸಿಕೊಂಡು
ಕೈಮ್ಯಾಲ ಕೈ ಅಡ್ಡ ಇಟ್ಟು, ಗುಳಿ ಮಾಡಿ ಬಡದ.
ಟೊಪ್. ಟೊಪ್.
ಖಾಲಿ ಕೊಡದಾಗ ಮೊದಲ ಹನಿ ಬಿದ್ದಂಗ.

ಆ ತಾಯಿ ನನ್ನ ಬೀಗತಿ, ಮುತಾರೆ ಊರಿನಾಕಿ.
ಏಳು ವರ್ಷ ಫೋನಿನಾಗ ಇಬ್ಬರೂ ನಕ್ಕೇವಿ,
ಕೈ ಬೀಸೇವಿ, ಮತ್ತ ನಕ್ಕೇವಿ.
ಬೀಗರು ಅಂತ ಹಿರೇರು ಸುಮ್ಮನ ಅನಲಿಲ್ಲ.
ಬೀಗ ಅಂತೂ ಇತ್ತು.
ಕೀಲಿಕೈ ಎಲ್ಲಿಟ್ಟಿದ್ದೆವೋ.

ಸಸೂನ್ ದವಾಖಾನಿ. ಮೂರು ನಲವತ್ತಕ್ಕ ಹುಡುಗಿ,
ಎರಡು ಕಿಲೋ ಎಂಟುನೂರು.
ಬಾಕಿನ ಮ್ಯಾಲ ಕೂತ ನಾನು ಕಣ್ಣಿಗೆ ಕಣ್ಣು ಹಚ್ಚಿಲ್ಲ.
ಹತ್ತಕ್ಕ ಫೋನು ಬಂತು. ಅಲ್ಲಿ ಇನ್ನೂ ಆರೂವರಿ.
ತಲಿಗೆ ಹಸರು ವಸ್ತ್ರ ಬಿಗದಾಳ,
ಕಣ್ಣು ದಾಸಾಳ ಹೂವಿನಂಗ ಕೆಂಪು,
ಹಿಂದ ಕಿಟಲಿ ಉಕ್ಕಾಕತ್ತೈತಿ, ಆಕಿಗೆ ಖಬರಿಲ್ಲ.

ನನಗ ಎಲ್ಲಾ ಮರತುಹೋತು.
ಕಂಕುಳ ಯಾವುದು, ಕುತ್ತಿಗಿ ಯಾವುದು,
ಅಸ್ತರೇ ಇಲ್ಲ ಕಣ್ಣಮುಂದ.
ಚಪ್ಪಾಳಿ ಬಡೀಬೇಕಂದರ ಕೈತುಂಬ ಕೂಸು.

ನನ್ನ ಪಾಲಿಂದೂ ಆಕೀನ ಬಡದಳು. ಟೊಪ್. ಟೊಪ್.
ಮಾಂಗ್ವನಾನಿ. ಮರಾರ ಹೆರೆ?

ಇಲ್ಲದ ಪಿನ್ನನ್ನ ತುಟಿಯಾಗ ಕಚ್ಚಿ ಹಿಡಿದೆ:
ನ್ದರಾರ ಕನ ಮರಾರವೋ.

ನ್ದರಾರ, ಅಂದಳು ಆಕಿ.
ಹಸೀ ಸುಳ್ಳು. ಇಬ್ಬರದೂ.
ಒಬ್ಬರ ಸುಳ್ಳಿಗೆ ಒಬ್ಬರು ಜಾಮೀನು ನಿಂತು
ನಾವಿಬ್ಬರೂ ರಾತ್ರಿಪೂರಾ ಮಲಗಿದ್ದೆವು.

ಕೂಸು ಮಾತ್ರ ಖರೇನ ಮಲಗಿತ್ತು.