ತಿದ್ದುವ ಹಕ್ಕು

ತಾರ್ತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಏಳು ಜನ,
ಒದ್ದೆ ಬೂಟುಗಳ ಸಾಲು, ಒಂದು ಫ್ಲಾಸ್ಕ್ ಕಾಫಿ.
ನಡಾವಳಿ ಬರೆಯುವ ಸರದಿ ಇವತ್ತು ನನ್ನದು.

ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಿದೆಯೆಂದು
ಮೀನು ಹಿಡಿಯುವವರಿಗೆ ಹೇಳುವ ಪುಟ ನಮ್ಮದು;
ಯಾರಪ್ಪನ ಸ್ವತ್ತೂ ಅಲ್ಲ.
ಯಾರು ಬೇಕಾದರೂ ಓದಲಿ, ನಕಲು ಮಾಡಿಕೊಳ್ಳಲಿ.
ತಿದ್ದುವುದು ಮಾತ್ರ...
ಹೋದ ವಾರ ಯಾರದೋ ಬೆರಳು
ಹನ್ನೆರಡು ಸೆಂಟಿಮೀಟರನ್ನು ಇಪ್ಪತ್ತೊಂದು ಮಾಡಿತ್ತು.
ಗಾಡಿ ಮುಳುಗಿತು. ಮನುಷ್ಯ ಬದುಕಿದ, ಪುಣ್ಯ.

ಅದಕ್ಕೇ ವೈಕೊ ಹಲಗೆಯ ಮೇಲೆ ಗೆರೆ ಎಳೆದ:
ಸದಸ್ಯ, ಸಂಪಾದಕ, ಪಾಲಕ.
ಯಾರ ಕೈಗೆ ಯಾವ ಬಾಗಿಲು.
ವರ್ಷವಿಡೀ ಮುಟ್ಟದವರ ಹಕ್ಕು ಹೋಗಲಿ ಎಂದ.
ಎಲ್ಲರೂ ಕೈ ಎತ್ತಿದೆವು. ಆಮೇಲೆ ಪಟ್ಟಿ ತೆರೆದೆವು.

ಮೊದಲ ಹೆಸರೇ ಎಂಡೆಲ್.
ಈ ಪುಟ ಕಟ್ಟಿದವನು. ಹೋದ ಚಳಿಗಾಲಕ್ಕೂ ಮುಂಚೆ ತೀರಿಕೊಂಡವನು.
ಪಾಲಕ, ಇನ್ನೂ.
ಮೌಸ್ ಹಿಡಿದಿದ್ದ ವೈಕೊ
ಕಾಫಿ ಆರಿತೆಂದು ಎದ್ದು ಹೋದ.

ಆ ಖಾಲಿ ಕುರ್ಚಿಗೆ ಉರ್ವೆ ಬಂದು ಕೂತಳು.
ಅಂಚೆಯಿಂದ ನಿವೃತ್ತಳು, ಎಪ್ಪತ್ತೊಂದು ವಯಸ್ಸು;
ಹನ್ನೊಂದು ವರ್ಷ ಎಂಡೆಲ್‌ನ ಕಾಗುಣಿತ ತಪ್ಪುಗಳನ್ನು
ಚೀಟಿಯಲ್ಲಿ ಬರೆದು ಕೊಟ್ಟವಳು,
ಯಾವ ಪಟ್ಟಿಯಲ್ಲೂ ಇಲ್ಲದವಳು.
ಅವನ ಹೆಸರನ್ನು ಅವಳೇ ಅಳಿಸಿದಳು.
ಆ ಹಕ್ಕು ಅವಳಿಗಿರಲಿಲ್ಲ.
ನಾನು ಬರೆದುಕೊಳ್ಳಲಿಲ್ಲ.

ನಡಾವಳಿ: ಉರ್ವೆ, ಸಂಪಾದಕಿ, ಒಮ್ಮತದಿಂದ.

ರಾತ್ರಿ ಮನೆಯಲ್ಲಿ ನೋಡಿದೆ:
ಪುಟದ ತುಂಬ ಅವಳ ಕೈಯಾಡಿದೆ,
ಚುಕ್ಕಿ, ಅಲ್ಪವಿರಾಮ ಎಲ್ಲ ಸರಿ.
ಬಿರುಕಿನ ಸದ್ದು ಕೇಳಿದರೆ ಹಿಂದಿರುಗಿ ಎಂಬಲ್ಲಿ ಮಾತ್ರ
ಎಂಡೆಲ್ ನುಂಗಿದ್ದ ಒಂದಕ್ಷರ
ಹಾಗೇ ಇದೆ.