ಹದಿಮೂರರ ಕೆಳಗೆ ಹೆಸರಿಲ್ಲ

ಇಪ್ಪತ್ತೊಂದು ಎಲೆ. ಇಪ್ಪತ್ತೆರಡಿರಬೇಕು.
ಬಿಸ್ಕತ್ತಿನ ಡಬ್ಬಿಯಲ್ಲಿ, ಜಪಸರದ ಪಕ್ಕ,
ತುಕ್ಕು ಹಿಡಿದ ಹೆರಿಗೆ ಕತ್ತರಿಯ ಮೇಲೆ ಮಲಗಿವೆ.

ಹಳೇಬೀಡು ನೋಡಲು ಬಂದು ಭೇದಿ ಹಿಡಿದು
ನಮ್ಮ ವಾರ್ಡಿನಲ್ಲಿ ಒಂಬತ್ತು ದಿನ ಮಲಗಿದ್ದ ಫ್ರೆಂಚ್ ಮುದುಕಿ
ಡ್ರಿಪ್ಪು ಹಾಕಿಸಿಕೊಂಡೇ ಇವನ್ನು ಹೊದಿಕೆಯ ಮೇಲೆ ಹರಡುತ್ತಿದ್ದಳು.
ಹೊರಡುವಾಗ ನನ್ನ ಕೈಗಿಟ್ಟು
'ಕೇಳಬೇಡ. ನೋಡು' ಅಂದಳು.
ಅಷ್ಟು ದಿನದಲ್ಲಿ ಕಲಿತ ಕನ್ನಡ ಅಷ್ಟೇ.

ಕೇಳುವುದಾದರೆ ಬಸ್ ಸ್ಟ್ಯಾಂಡಿನೆದುರು ಗಿಳಿಯಿತ್ತಲ್ಲ.
ಪಂಜರದಿಂದಿಳಿದು, ಕೊಕ್ಕಲ್ಲಿ ಒಂದೊಂದೇ ಎಳೆದು ಬಿಸಾಕಿ,
ನನಗೊಮ್ಮೆ ವೇಲಾಂಗಣಿ ಮಾತೆಯನ್ನೇ ತೆಗೆದುಕೊಟ್ಟಿತು.
ಗಿಳಿಯವನು ನನ್ನ ಕೊರಳ ಶಿಲುಬೆ ನೋಡಿದ್ದ.
ಗಿಳಿ ನೋಡಿರಲಿಲ್ಲ ಅಂತ ಈಗಲೂ ನಂಬಿದ್ದೇನೆ.

ನಾನು ಕೇಳುವುದಿಲ್ಲ.
ಬೆಳಗಿನ ಪೂಜೆ ಮುಗಿಸಿ ಬಂದು, ಹಾಲಿಟ್ಟು,
ಒಂದೆಲೆ ಎತ್ತುತ್ತೇನೆ.
ಹಾಲು ಕಾಯುವ ತನಕ ನೋಡುತ್ತೇನೆ.

ಒಬ್ಬನಿದ್ದಾನೆ: ಒಂದೇ ಕಾಲಿಗೆ ಹಗ್ಗ, ತಲೆ ಕೆಳಗೆ,
ಆದರೂ ಹೆದರಿದ ಮುಖವಲ್ಲ.
ಯೂದ ಅನ್ನುವವರಿದ್ದಾರೆ, ಪೇತ್ರ ಅನ್ನುವವರಿದ್ದಾರೆ.
ಮೂವತ್ತೊಂದು ವರ್ಷ ಅವನನ್ನು ಹಾಗೇ ಹಿಡಿದವಳು ನಾನು:
ಎಡಗೈ ಬೆರಳ ಸಂದಿಯಲ್ಲಿ ಎರಡು ಹಿಮ್ಮಡಿ,
ಜಾರುವ ಮೈ, ನೆಲದ ಕಡೆ ನೆತ್ತಿ,
ಬೆನ್ನಿಗೊಂದು ಪೆಟ್ಟು.
ಅಳು, ಅಳಪ್ಪ, ಅಳು ನನ್ನ ದೊರೆ.
ತನ್ನನ್ನು ತಲೆಕೆಳಗೆ ಶಿಲುಬೆಗೇರಿಸಿ ಎಂದು ಪೇತ್ರ ಬೇಡಿದ್ದು
ನಾಚಿಕೆಗಲ್ಲ,
ಹುಟ್ಟುವುದಕ್ಕೆ ಅದೇ ಸರಿಯಾದ ಭಂಗಿ ಅಂತಿರಬೇಕು.

ಮಿಕ್ಕವಕ್ಕೆಲ್ಲ ಕೆಳಗೊಂದು ಹೆಸರಿದೆ. ಹದಿಮೂರಕ್ಕಿಲ್ಲ.
ಬರೀ ಎಲುಬಿನವನು ಉದ್ದ ಹಿಡಿಯ ಕುಡುಗೋಲು ಬೀಸುತ್ತಾನೆ;
ಕಪ್ಪು ಮಣ್ಣಿನಿಂದ ಕೈ, ಪಾದ, ಕಿರೀಟವಿಟ್ಟ ತಲೆ
ಆಲೂಗಡ್ಡೆ ಕಿತ್ತ ಹೊಲದ ಹಾಗೆ ಮೇಲೆದ್ದಿವೆ.
ನಮ್ಮ ಹೆರಿಗೆ ರಿಜಿಸ್ಟರಿನಲ್ಲೂ ಹೀಗೇ:
'ಗಂಡು. ಎರಡು ಗಂಟೆ ಬದುಕಿತ್ತು.'
'ಹೆಣ್ಣು. ಇಪ್ಪತ್ತು ನಿಮಿಷ.'
ಹೆಸರಿನ ಕಲಮಿನಲ್ಲಿ ಒಂದು ಗೆರೆ. ಎಳೆದದ್ದು ನಾನೇ.
ಗೆರೆ ಎಳೆಯುವ ಮೊದಲು ನಲ್ಲಿಗೆ ಓಡುತ್ತಿದ್ದೆ:
ನಮ್ಮವರ ಕೂಸಾದರೆ ನೆತ್ತಿಗೆ ಮೂರು ಸಲ,
ಬೇರೆಯವರದಾದರೆ ತುಟಿಗೆ ಒಂದು ಹನಿ,
ಬಾಯಿಗೆ ನೀರು ಬಿಡುವವರೂ ಇಲ್ಲದೆ ಹೋಗಬಾರದಲ್ಲ.
ಬೊಗಸೆ ಬದಲಿಸುತ್ತಿರಲಿಲ್ಲ.

ಈ ತಪಸ್ಸು ಕಾಲದ ಪಾಪನಿವೇದನೆಯಲ್ಲಿ ಡಬ್ಬಿಯ ಮಾತೆತ್ತಿದೆ.
ಜಾಲರಿಯ ಆಚೆ ಫಾದರ್ ಸಿರಿಲ್, ನಾನೇ ಹಿಡಿದ ಹಿಮ್ಮಡಿ.
'ಸುಟ್ಟುಬಿಡಿ ಸಿಸ್ಟರಮ್ಮ' ಅಂದರು. ಸುಮ್ಮನಾದರು.
ಹೊರಗೆ ಯಾವುದೋ ಲಾರಿ ಗೇರು ಬದಲಿಸಿತು.
'ಇಲ್ಲದ್ದು ಯಾವುದು?' ಮೆಲ್ಲಗೆ ಕೇಳಿದರು.

ನಕ್ಷತ್ರ, ಅಂದೆ.
ಮೊಣಕಾಲೂರಿದ ಹೆಂಗಸು, ಕೈಯಲ್ಲಿ ಎರಡು ಹೂಜಿ,
ಒಂದರ ನೀರು ಕೊಳಕ್ಕೆ, ಒಂದರದು ಒಣ ನೆಲಕ್ಕೆ.
ನನ್ನ ಕೊನೆಯ ವರ್ಷ,
ಮಂಡಿಯಲ್ಲಿ ಮೂಟೆ ಹೊರುವ ಕೆಂಪಾಜಿಯ ಮಗಳು ಹೋದ ರಾತ್ರಿ
ಬಿಳಿ ಬಟ್ಟೆ ಸುತ್ತುವಾಗ
ಎದೆಯ ಮೇಲೆ ಅದನ್ನಿಟ್ಟೇ ಗಂಟು ಹಾಕಿದೆ.
ಇದು ಪಾಪವಾ ಫಾದರ್?

ಅವರು ಅದಕ್ಕೆ ಉತ್ತರ ಕೊಡಲಿಲ್ಲ.
ಕ್ಷಮೆಯ ಪ್ರಾರ್ಥನೆ ಮಾತ್ರ ಪೂರ್ತಿ ಹೇಳಿದರು.

ಇವತ್ತು ಪವಿತ್ರ ಶನಿವಾರ. ಬೆಳಗಿನ ಪೂಜೆಯಿಲ್ಲ.
ಗುಡಿಯಲ್ಲಿ ಪರಮಪ್ರಸಾದದ ಪೆಟ್ಟಿಗೆ ಬಾಗಿಲು ತೆರೆದು ಖಾಲಿ.
ಹಾಲಿಟ್ಟು ಎಲೆ ಎತ್ತಿದೆ: ಹದಿಮೂರು.
ಹೆಸರಿಲ್ಲದ ಆ ಬಿಳಿ ಪಟ್ಟಿಯನ್ನು
ಬಹಳ ಹೊತ್ತು ನೋಡಿದೆ.
ಪೆನ್ಸಿಲ್ಲು ಹುಡುಕಿದೆ, ಕನ್ನಡಕದ ಪೆಟ್ಟಿಗೆಯಲ್ಲಿ, ಕ್ಯಾಲೆಂಡರಿನ ಹಿಂದೆ.

ಅಷ್ಟರಲ್ಲಿ ಹಾಲು ಉಕ್ಕಿತು.