ಕತ್ತರಿಯ ಲೆಕ್ಕ

ವೂಚ್ ಪಟ್ಟಣ. ಬೆಳಗಿನ ಪಾಳಿ.
ಮೈನಸ್ ಎಂಬತ್ತರ ಪೆಟ್ಟಿಗೆಯಿಂದ ತೆಗೆದೆ
ಗೆನೊವೇಫಾ ಅವರ ಮಿದುಳಿನ ಚೂರು, ಉಗುರಿನಷ್ಟು.

ಗಿರಣಿಯಲ್ಲಿ ಮೂವತ್ತೊಂದು ವರ್ಷ
ಅಂಗಿಗಳ ದಾರದ ತುದಿ ಕತ್ತರಿಸಿದ ಕೈ.
ಕೊನೆಕೊನೆಗೆ ಕತ್ತರಿ ಕೊಟ್ಟರೆ
‘ಇದು ಯಾವ ಹಕ್ಕಿ?’ ಅಂದರಂತೆ.

ಸೂಜಿ ಕೂಡಿಸುತ್ತೆ, ಕತ್ತರಿ ಅಗಲಿಸುತ್ತೆ ಅಂತಾರೆ.
ತಲೆಯೊಳಗೆ ಲೆಕ್ಕ ಬೇರೆ:
ನೆಪ್ರಿಲೈಸಿನ್ ಎಂಬ ಕಾಣದ ಕತ್ತರಿ
ಹಗಲಿರುಳು ಚೂರುಚೂರು ಮಾಡುತ್ತಿದ್ದುದಕ್ಕೇ
ಮಗಳ ಹೆಸರು ಮಗಳಿಗೆ ಅಂಟಿಕೊಂಡಿತ್ತು.
ಅದು ಮೊಂಡಾಯಿತು.
ಎಳೆಗೆ ಎಳೆ ತೊಡರಿ ಹೆಪ್ಪುಗಟ್ಟಿತು,
ಬೊಗುಮಿಲಾ ‘ಆ ಹೆಂಗಸು’ ಆದಳು.

ನಳಿಗೆಯಲ್ಲಿ ಅರೆದು, ಕಡಿದರೆ ಹೊಳೆಯುವ ನೂಲೊಂದನ್ನು ಹಾಕಿ
ಕಾಯುತ್ತೇನೆ. ಕಾಫಿ ಆರುತ್ತದೆ.
ಅಂಕಿ ಏಳುತ್ತದೆ. ಕಡಿಮೆ; ಸೊನ್ನೆಯಲ್ಲ.

ಎರಡು ವರ್ಷ ಹಿಮದಲ್ಲಿ ಮಲಗಿದ್ದು
ಇನ್ನೂ ಕತ್ತರಿಸುತ್ತಿದೆ,
ಯಾರ ಅಂಗಿಯೆಂದು ಕೇಳದೆ.